ಭೇದವನ್ನರಿಯುವ ವಿದ್ಯೆ

ಅರಿವೆಂಬುದು ಭೇದಜ್ಞಾನದಿಂದ ಮೊದಲಾಗುತ್ತದೆ. ತಾಯಿಯ ದನಿ ಯಾವುದು, ಪರರ ದನಿ ಯಾವುದು ಎಂದು ಮಗು ಗುರುತಿಸಿದಂದೇ ಅದರ ವಿದ್ಯಾಭ್ಯಾಸವು ಆರಂಭವಾಯಿತೆನ್ನಬೇಕು. ಕಣ್ಣು ಕಾಣದ, ಕಿವಿ ಕೇಳದ, ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು ಈ ವಿದ್ಯೆಯನ್ನು ಪಡೆಯುವ ಬಗೆ ಹೇಗೆ? ‘ಇವರಿಗೆ ಕಲಿಕೆ ಸಾಧ್ಯವಿಲ್ಲ’ ಎಂಬ ತೀರ್ಪು ಎಷ್ಟೋ ಮಕ್ಕಳ ಪಾಲಿಗೆ ಶಾಲೆಯ ಬಾಗಿಲನ್ನು ಮುಚ್ಚಿರುವುದರಿಂದ, ಆ ತೀರ್ಪು ನ್ಯಾಯವಾದುದೇ ಎಂಬುದನ್ನು ನಾವು ಇತಿಹಾಸದ ಬೆಳಕಿನಲ್ಲಿ ವಿಚಾರಮಾಡುವುದು ಯುಕ್ತ.

ಶಿಗ್ಗಾಂವಿ ತಾಲ್ಲೂಕಿನ ಹುಲಗೂರು, ಅದರ ನೆರೆಯ ಸವಣೂರು, ಹಾನಗಲ್ಲು ಇವೆಲ್ಲ ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಸೀಮೆ. ಈ ಸೀಮೆಯ ಹಾನಗಲ್ಲು ತಾಲ್ಲೂಕೊಂದರಲ್ಲಿಯೇ ಅಂಧರಾದ ಇಬ್ಬರು ಮಹಾಗಾಯಕರು ಹುಟ್ಟಿದರು. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರಿಗೆ ಆಶ್ರಯವಿತ್ತು ವಿದ್ಯೆಗೆ ಏರ್ಪಾಡು ಮಾಡಿದರು; ನೀಲಕಂಠಬುವಾ ಅವರು ಹಿಂದೂಸ್ಥಾನಿ ಸಂಗೀತವನ್ನು ಕಲಿಸಿದರು. 1914ರಲ್ಲಿ ಜನಿಸಿ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಇವರ ಶಿಷ್ಯರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆಯನ್ನು ಶಿಷ್ಯರು ಹೊತ್ತು, 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಅಸಂಖ್ಯ ಅಂಧ ಬಾಲಕರಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡಿದರು.

ಕಣ್ಣು ಕಸಿದ ದೈವವು ಕಿವಿಯನ್ನು ಚುರುಕುಗೊಳಿಸುವುದೆಂದು ಜನರು ಹೇಳುವುದುಂಟು. ಆದರೆ ವರವೊಂದರಿಂದಲೇ ಯಾರೂ ಗವಾಯಿಗಳಾಗಲಿಲ್ಲ. ಅದಕ್ಕೆ ಗುರುವೂ, ವರ್ಷಗಟ್ಟಲೆ ಸಾಧನೆಯೂ ಬೇಕಾದವು. ಷಡ್ಜ ಪಂಚಮಗಳ ದೊಡ್ಡ ಅಂತರವು ಮೊದಲು ಕಿವಿಗೆ ನಿಲುಕುತ್ತದೆ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ಇರುವ ಸಣ್ಣ ಅಂತರವು ಆಮೇಲೆ. ಭೂಪ, ದೇಶಕಾರ ರಾಗಗಳಲ್ಲಿಯಾದರೋ ಸ್ವರಗಳು ಅವೇ ಐದು. ಒಂದರಲ್ಲಿ ಗಾಂಧಾರಕ್ಕೆ ಪ್ರಾಧಾನ್ಯ, ಇನ್ನೊಂದರಲ್ಲಿ ಧೈವತಕ್ಕೆ. ಇವೆರಡನ್ನು ಬೇರ್ಪಡಿಸಲು ಕಿವಿಯ ಸೂಕ್ಷ್ಮತೆಯೊಂದೇ ಸಾಲದು. ಗಮನವನ್ನು ಯಾವುದರ ಮೇಲೆ ಇಡಬೇಕೆಂಬುದು ತಿಳಿದಿರಬೇಕು.

ಇಂದ್ರಿಯವು ಸರಿಯಾಗಿದ್ದು ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೂ ಇದೇ ಮಾತು ಸಲ್ಲುವುದೇ? ಫ್ರಾನ್ಸಿನ ಅವೇರಾನ್ ಪ್ರಾಂತದ ಕಾಡಿನಲ್ಲಿ ಬೆಳೆದಿದ್ದ ವಿಕ್ತೋರ್ ಎಂಬ ಹುಡುಗನು 1800ರಲ್ಲಿ ಜನರ ಕೈಗೆ ಸಿಕ್ಕಾಗ, ಇವನು ಸುಧಾರಿಸುವಂಥವನಲ್ಲವೆಂದು ಪಂಡಿತರು ಕೈಬಿಟ್ಟರು. ತರುಣ ವೈದ್ಯ ಇತಾರ್ ಕೈಬಿಡಲಿಲ್ಲ. ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಗಂಟೆಯ ನಾದ, ನಗಾರಿಯ ನಾದ ಎಂಬ ಬಹು ಭಿನ್ನವಾದ ಎರಡು ಶಬ್ದಗಳನ್ನು ಮೊದಲು ಕೇಳಿಸಿ, ಬರಬರುತ್ತ ಹತ್ತಿರಹತ್ತಿರದ ಶಬ್ದಗಳಿಗೆ ಬಂದರು. ವಿಕ್ತೋರ್ ಮಾತು ಕಲಿಯಲಿಲ್ಲವೆಂಬುದು ದಿಟ. ಆದರೂ ಸ್ಥೂಲದಿಂದ ಸೂಕ್ಷ್ಮಕ್ಕೆ ಸಾಗುವ ಆ ಕ್ರಮವು ಉಳಿಯಿತು. ಸೆಗೆಂ ಅವರ ಮೂಲಕ ಅದು ಮಾಂಟೆಸೊರಿಯವರನ್ನು ಮುಟ್ಟಿ, ಇಂದು ನಮ್ಮ ಶಿಶುವಿಹಾರಗಳಲ್ಲಿ ಕಾಣುವ ಕ್ರಮಬದ್ಧ ಆಟದ ಸಾಮಾನುಗಳಿಗೆ ಕಾರಣವಾಯಿತು.

ಈ ವಿಷಯದಲ್ಲಿ ಖಚಿತವಾದ ಪ್ರಮಾಣವು ದೊರೆತದ್ದು ಅಮೆರಿಕದಲ್ಲಿ. ಝೀಮನ್ ಮತ್ತು ಹೌಸ್ ಎಂಬ ಮನಶ್ಶಾಸ್ತ್ರಜ್ಞರು 1963ರಲ್ಲಿ ತೋರಿಸಿದ ಸಂಗತಿ ಇದು: ನಿಧಾನವಾಗಿ ಕಲಿಯುವ ಮಕ್ಕಳು ಬಹುಕಾಲ ಬರಿಯ ಊಹೆಯಿಂದಲೇ ಉತ್ತರ ಕೊಡುತ್ತಿರುತ್ತಾರೆ, ಆದರೆ ಗಮನವು ಬಣ್ಣ, ಆಕಾರ ಮೊದಲಾದ ತಕ್ಕ ಗುಣದ ಮೇಲೆ ನೆಲೆಸಿದೊಡನೆ ಉಳಿದವರಷ್ಟೇ ವೇಗವಾಗಿ ಮೇಲೇರುತ್ತಾರೆ. ಎಂದಮೇಲೆ ತಡವಾಗುವುದು ಗಮನವೇ ಹೊರತು ಗ್ರಹಣವಲ್ಲ.

1967ರಲ್ಲಿ ಸಿಡ್ಮನ್ ಮತ್ತು ಸ್ಟಾಡರ್ಡ್ ಎಂಬುವರು ಇಂಥ ಮಕ್ಕಳಿಗೆ ವೃತ್ತವನ್ನೂ ದೀರ್ಘವೃತ್ತವನ್ನೂ ಬೇರ್ಪಡಿಸಲು ಕಲಿಸಿದರು. ಮೊದಲು ವೃತ್ತವಿದ್ದ ಕಿಂಡಿ ಮಾತ್ರ ಬೆಳಗುತ್ತಿತ್ತು. ಉಳಿದ ಕಿಂಡಿಗಳಿಗೆ ಮೆಲ್ಲಮೆಲ್ಲನೆ ಬೆಳಕು ಬಂದಿತು. ಬಳಿಕ ಅವುಗಳಲ್ಲಿ ದೀರ್ಘವೃತ್ತಗಳು ಮಸಕಾಗಿ ಮೂಡಿ ಕ್ರಮೇಣ ಸ್ಪಷ್ಟವಾದವು. ಹೀಗೆ ಕಲಿತ 10 ಮಕ್ಕಳಲ್ಲಿ 7 ಮಂದಿ ಗೆದ್ದರು. ಈ ಮೆಟ್ಟಿಲುಗಳಿಲ್ಲದೆ ಆಕಾರಗಳನ್ನು ನೇರವಾಗಿ ಎದುರಿಸಿದ 9 ಮಕ್ಕಳಲ್ಲಿ ಗೆದ್ದವನು ಒಬ್ಬನೇ. ಸೋತ ಮಕ್ಕಳು ಸುಮ್ಮನಿರಲಿಲ್ಲ. ತಪ್ಪು ಉತ್ತರದ ಒಂದು ಜಾಡನ್ನೇ ರೂಢಿಮಾಡಿಕೊಂಡಿದ್ದರು. ಪಾಠವು ಕೆಟ್ಟರೆ ಮಗುವು ತಪ್ಪನ್ನೇ ಕಲಿಯುತ್ತದೆಯೆಂಬುದು ಇದರಿಂದ ವಿಶದವಾಯಿತು.

ನಮ್ಮ ಅಕ್ಷರಮಾಲೆಯಲ್ಲಿ ‘ಪ’ಕಾರಕ್ಕೂ ‘ಷ’ಕಾರಕ್ಕೂ ಒಳಗಿನ ಗೆರೆಯೊಂದೇ ಭೇದ. ‘ಷ’ವನ್ನು ಇಡಿಯಾಗಿ ಕೆಂಪಿನಲ್ಲಿ ಬರೆದರೆ ಮಗುವು ಕೆಂಪನ್ನು ಗುರುತಿಸೀತು, ಅಕ್ಷರವನ್ನಲ್ಲ. ಆ ಗೆರೆಯನ್ನು ಮಾತ್ರ ದಪ್ಪಗೆ ಬರೆದು ದಿನದಿನಕ್ಕೆ ತೆಳುವಾಗಿಸುವುದು ಲೇಸು. ಸುಳಿವು ಭೇದವಿರುವ ಎಡೆಯಲ್ಲಿಯೇ ಇರಬೇಕೆಂಬುದನ್ನು ಲಾರಾ ಶ್ರೈಬ್‌ಮನ್ ಅವರು 1975ರಲ್ಲಿ ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ತೋರಿಸಿಕೊಟ್ಟಿದ್ದಾರೆ.

ಈ ಕ್ರಮದಿಂದ ಎಲ್ಲ ಮಕ್ಕಳೂ ಎಲ್ಲವನ್ನೂ ಕಲಿತುಬಿಡುವರೆಂದು ನಾವು ಹೇಳುವುದಿಲ್ಲ. ಆ 10 ಮಂದಿಯಲ್ಲಿಯೂ ಮೂವರು ಹಿಂದುಳಿದರು. ಆದರೆ ನೇರವಾಗಿ ಪರೀಕ್ಷೆಗೊಡ್ಡಿ ‘ದಡ್ಡ’ರೆಂದು ಬರೆದಿಟ್ಟಿದ್ದರೆ ಗೆದ್ದ ಏಳು ಮಂದಿಯಲ್ಲಿ ಎಷ್ಟು ಜನರು ಉಳಿಯುತ್ತಿದ್ದರು? ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಹಾನಗಲ್ಲಿನ ಆಶ್ರಯ ದೊರೆಯದಿದ್ದರೆ ನಾಡು ಆ ಗವಾಯಿಯ ಹೆಸರನ್ನೇ ಕೇಳುತ್ತಿರಲಿಲ್ಲವೇನೋ. ಮಗುವಿನ ಶಕ್ತಿಯನ್ನು ಅಳೆಯುವ ಮೊದಲು, ನಾವು ಅದಕ್ಕೆ ಕೊಟ್ಟ ಮೆಟ್ಟಿಲುಗಳನ್ನು ಎಣಿಸುವುದು ಮನೆಗೂ ಶಾಲೆಗೂ ಸೇರಿದ ಕರ್ತವ್ಯವಾಗಿದೆ.