ವೀಡಿಯೊ ಕಡತಗಳ ವಿಭಜನೆ: ಒಂದು ಚಾರಿತ್ರಿಕ ವಿವೇಚನೆ

ಪ್ರಾಚೀನ ಓಲೆಗರಿಯ ಕಟ್ಟುಗಳನ್ನು ಪರಿಶೀಲಿಸಿದವರಿಗೆ ಒಂದು ಸಂಗತಿ ವಿದಿತವಾಗಿರುತ್ತದೆ. ಒಂದೇ ಕಟ್ಟಿನಲ್ಲಿ ಎರಡು ಮೂರು ಕೃತಿಗಳು ಸೇರಿರುವುದುಂಟು; ಒಂದೇ ಕೃತಿ ಎರಡು ಕಟ್ಟುಗಳಲ್ಲಿ ಹಂಚಿಹೋಗಿರುವುದೂ ಉಂಟು. ಕಟ್ಟಿನ ಕೊನೆಯನ್ನೇ ಕೃತಿಯ ಕೊನೆಯೆಂದು ಬಗೆದವನು ಪ್ರಮಾದಕ್ಕೊಳಗಾಗುತ್ತಾನೆ. ಇಂತಹುದೇ ಪ್ರಶ್ನೆ ನಮ್ಮ ಕಾಲದ ದೃಶ್ಯಮುದ್ರಿಕೆಗಳ ವಿಷಯದಲ್ಲಿಯೂ ತಲೆದೋರಿದೆ. ಟೇಪಿನಿಂದ ಗಣಕಯಂತ್ರಕ್ಕೆ ಇಳಿಸಿದ ವೀಡಿಯೊವನ್ನು ಸಂಕಲನ ತಂತ್ರಾಂಶದಲ್ಲಿ ಬೇರೆ ಬೇರೆ ಕಡತಗಳಾಗಿ ವಿಭಜಿಸುವ ಪದ್ಧತಿ ಹೇಗೆ ಬೆಳೆದುಬಂದಿತು, ಆ ವಿಭಜನೆಯ ಗಡಿಗಳನ್ನು ಇತಿಹಾಸಕಾರನು ಹೇಗೆ ಓದಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆ ಎರಡು ಅಂಗುಲ ಅಗಲದ ಕಾಂತೀಯ ಟೇಪಿನ ಮೇಲೆ ದೂರದರ್ಶನದ ಚಿತ್ರಗಳನ್ನು ಮುದ್ರಿಸುವ ಯಂತ್ರವನ್ನು ಪ್ರದರ್ಶಿಸಿತು. ಚಲನಚಿತ್ರದ ಸುರುಳಿಯಲ್ಲಿ ಚಿತ್ರಗಳು ಕಣ್ಣಿಗೆ ಕಾಣುತ್ತವೆ, ಟೇಪಿನಲ್ಲಿ ಕಾಣುವುದಿಲ್ಲ. ಆದುದರಿಂದ ಸಂಕಲನಕಾರರು ನುಣ್ಣನೆಯ ಕಬ್ಬಿಣದ ಪುಡಿ ಬೆರೆತ ದ್ರವವನ್ನು ಟೇಪಿಗೆ ಲೇಪಿಸಿ, ಕಾಂತೀಯ ರೇಖೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ಅಲಗಿನಿಂದ ಕೊಯ್ದು ಅಂಟಿಸುತ್ತಿದ್ದರು. ಇಲ್ಲಿ ವಿಭಜನೆಯ ಗುರುತು ವಸ್ತುವಿನ ಮೈಮೇಲೆಯೇ ಉಳಿಯುತ್ತಿತ್ತು. ಒಮ್ಮೆ ಕೊಯ್ದ ಟೇಪನ್ನು ಮೊದಲಿನಂತೆ ಮಾಡುವುದು ಸಾಧ್ಯವಿರಲಿಲ್ಲ.

1967ರಲ್ಲಿ ಈಕೋ ಸಂಸ್ಥೆ ಟೇಪಿನ ಪ್ರತಿಯೊಂದು ಚೌಕಟ್ಟಿಗೂ ಗಂಟೆ, ನಿಮಿಷ, ಸೆಕೆಂಡುಗಳ ಸಂಖ್ಯೆಯನ್ನು ಕೊಡುವ ಕಾಲಸಂಕೇತವನ್ನು ತಂದಿತು. 1971ರಲ್ಲಿ ಸಿಬಿಎಸ್ ಮತ್ತು ಮೆಮೊರೆಕ್ಸ್ ಸಂಸ್ಥೆಗಳು ಕೂಡಿ ಸಿದ್ಧಪಡಿಸಿದ ಸಿಎಂಎಕ್ಸ್ 600 ಯಂತ್ರದಲ್ಲಿ ಸಂಕಲನಕಾರನು ಮೂಲ ಟೇಪನ್ನು ಮುಟ್ಟುವ ಅಗತ್ಯವಿರಲಿಲ್ಲ. ಡಿಸ್ಕಿನಲ್ಲಿದ್ದ ಪ್ರತಿಯನ್ನು ನೋಡಿ ಆತನು ಮಾಡಿದ ನಿರ್ಣಯಗಳು ಸಂಖ್ಯೆಗಳ ಒಂದು ಪಟ್ಟಿಯಾಗುತ್ತಿದ್ದವು. 1989ರಲ್ಲಿ ಬಂದ ಆವಿಡ್ ಮೊದಲಾಗಿ ಇಂದಿನ ತಂತ್ರಾಂಶಗಳವರೆಗೆ ಈ ತತ್ತ್ವವೇ ನಡೆದುಬಂದಿದೆ. ಪರದೆಯ ಮೇಲೆ ದೃಶ್ಯವನ್ನು ಎರಡಾಗಿ ಕತ್ತರಿಸಿದಾಗ ಕಡತವು ಕತ್ತರಿಸಲ್ಪಡುವುದಿಲ್ಲ. ಅದನ್ನು ಸೂಚಿಸುವ ಅಂಕಗಳು ಮಾತ್ರ ಎರಡಾಗುತ್ತವೆ. ಬೇರೆ ಕಡತಗಳು ಬೇಕಾದರೆ ಪ್ರತಿಯೊಂದು ಭಾಗವನ್ನೂ ಪ್ರತ್ಯೇಕವಾಗಿ ಹೊರತೆಗೆದು ಬರೆಯಬೇಕು.

1995ರಲ್ಲಿ ರೂಢಿಗೆ ಬಂದ ಡಿವಿ ಟೇಪು ಈ ವಿದ್ಯೆಯನ್ನು ಸಾಮಾನ್ಯರ ಮನೆಗೆ ತಂದಿತು. ಒಂದು ಗಂಟೆಯ ಟೇಪು ಗಣಕದಲ್ಲಿ ಸುಮಾರು 13 ಗಿಗಾಬೈಟ್ ಸ್ಥಳವನ್ನು ಹಿಡಿಯುತ್ತದೆ. ಚಿತ್ರೀಕರಣದ ದಿನಾಂಕವೂ ವೇಳೆಯೂ ಚಿತ್ರದೊಡನೆ ಗುಪ್ತವಾಗಿ ಮುದ್ರಿತವಾಗುವುದು ಇದರ ವಿಶೇಷ ಗುಣ. ಎರಡು ಚೌಕಟ್ಟುಗಳ ನಡುವೆ ವೇಳೆಯು ಹಠಾತ್ತನೆ ಜಿಗಿದಿದ್ದರೆ ಅಲ್ಲಿ ಕ್ಯಾಮೆರಾ ನಿಂತು ಮತ್ತೆ ಹೊರಟಿತೆಂದು ತಂತ್ರಾಂಶವು ಊಹಿಸಿ, ಟೇಪನ್ನು ತಾನಾಗಿಯೇ ಭಾಗ ಮಾಡುತ್ತದೆ. ಕ್ಯಾಮೆರಾದ ಗಡಿಯಾರವು ತಪ್ಪಾಗಿದ್ದರೂ ಜಿಗಿತವು ಸುಳ್ಳಾಗುವುದಿಲ್ಲ. ವಿಎಚ್ಎಸ್ ಟೇಪಿನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ತಂತ್ರಾಂಶವು ಒಂದು ಚಿತ್ರವನ್ನು ಮುಂದಿನದರೊಡನೆ ಹೋಲಿಸಿ ನೋಡಬೇಕು. ಮದುವೆಮನೆಯಲ್ಲಿ ಛಾಯಾಗ್ರಾಹಕನ ದೀಪ ಮಿಂಚಿದರೂ ಅದನ್ನು ಹೊಸ ದೃಶ್ಯವೆಂದು ಎಣಿಸುವ ಸಂಭವವುಂಟು.

ಇವುಗಳಿಗಿಂತ ಭಿನ್ನವಾದ, ಕೇವಲ ಯಂತ್ರದ ಮಿತಿಯಿಂದ ಹುಟ್ಟಿದ ಗಡಿಗಳೂ ಉಂಟು. 1992ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಎವಿಐ ಕಡತಗಳು ಅನೇಕ ತಂತ್ರಾಂಶಗಳಲ್ಲಿ 2 ಗಿಗಾಬೈಟನ್ನು ಮೀರುವಂತಿರಲಿಲ್ಲ. ಫ್ಯಾಟ್ 32 ಎಂಬ ಡಿಸ್ಕ್ ವ್ಯವಸ್ಥೆಯಲ್ಲಿ ಒಂದು ಕಡತದ ಪರಮಾವಧಿ 4 ಗಿಗಾಬೈಟ್. ಡಿವಿ ಚಿತ್ರದ ಲೆಕ್ಕದಲ್ಲಿ ಮೊದಲನೆಯದು ಸುಮಾರು ಒಂಬತ್ತೂವರೆ ನಿಮಿಷ, ಎರಡನೆಯದು ಸುಮಾರು 19 ನಿಮಿಷ. ಮಿತಿ ತುಂಬಿದೊಡನೆ, ಭಾಷಣಕಾರನ ಮಾತು ಅರ್ಧದಲ್ಲಿದ್ದರೂ ಕಡತವು ಮುಗಿದು ಹೊಸದು ಆರಂಭವಾಗುತ್ತಿತ್ತು.

ಸಂಕುಚಿತ ರೂಪದ ಎಂಪೆಗ್ ಕಡತಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಸಾಮಾನ್ಯವಾಗಿ ಹನ್ನೆರಡು ಅಥವಾ ಹದಿನೈದು ಚೌಕಟ್ಟುಗಳಿಗೊಮ್ಮೆ ಮಾತ್ರ ಪೂರ್ಣ ಚಿತ್ರವಿದ್ದು, ಉಳಿದವು ನೆರೆಯ ಚಿತ್ರಗಳಿಂದ ಆದ ವ್ಯತ್ಯಾಸವನ್ನಷ್ಟೇ ಹೇಳುತ್ತವೆ. ಇರುವುದನ್ನು ಇದ್ದಂತೆ ನಕಲು ಮಾಡಿ ವಿಭಜಿಸಬೇಕಾದರೆ ಪೂರ್ಣ ಚಿತ್ರವಿರುವಲ್ಲಿಯೇ ಕತ್ತರಿಸಬೇಕು. ಬೇಕಾದ ಚೌಕಟ್ಟಿನಲ್ಲಿಯೇ ಕತ್ತರಿಸಬೇಕಾದರೆ ಗಡಿಯ ಭಾಗವನ್ನಾದರೂ ಮರಳಿ ಸಂಕೇತಿಸಬೇಕು. ಮರುಸಂಕೇತನದಿಂದ ಚಿತ್ರದ ಗುಣ ಸ್ವಲ್ಪ ಕುಂದುತ್ತದೆ. ಡಿವಿ ಟೇಪಿನಿಂದ ಇಳಿಸಿದುದನ್ನು ಹೀಗೆ ಮಾರ್ಪಡಿಸಿದಾಗ ಗುಪ್ತವಾಗಿದ್ದ ದಿನಾಂಕವು ಸಾಮಾನ್ಯವಾಗಿ ಅಳಿದೇ ಹೋಗುತ್ತದೆ.

ಹೀಗೆ ಒಂದು ಕಡತದ ಅಂಚನ್ನು ಮೂವರು ನಿರ್ಣಯಿಸಿರಬಹುದು: ಚಿತ್ರವನ್ನು ತೆಗೆದವನು, ಅನಂತರ ಸಂಕಲಿಸಿದವನು, ಇವರಿಬ್ಬರ ಇಚ್ಛೆಗೂ ಸಂಬಂಧವಿಲ್ಲದ ಯಂತ್ರ. ಮೊದಲನೆಯದು ಘಟನೆಗೆ ಸಾಕ್ಷಿ. ಎರಡನೆಯದು ಅಭಿಪ್ರಾಯಕ್ಕೆ ಸಾಕ್ಷಿ. ಮೂರನೆಯದು ಉಪಕರಣಕ್ಕೆ ಮಾತ್ರ ಸಾಕ್ಷಿ. ಒಂಬತ್ತೂವರೆ ನಿಮಿಷಕ್ಕೆ ನಿಂತುಹೋದ ಸಂದರ್ಶನವನ್ನು ಕಂಡು, ಹೇಳುವವನು ಅಲ್ಲಿ ಮೌನ ತಾಳಿದನೆಂದು ತೀರ್ಮಾನಿಸುವುದು ಎಷ್ಟು ದೊಡ್ಡ ತಪ್ಪೆಂಬುದನ್ನು ವಿವರಿಸಬೇಕಾಗಿಲ್ಲ.

ಈ ವಿವೇಚನೆಗೆ ಈಗ ಅವಸರವೂ ಒದಗಿದೆ. ಜಪಾನಿನ ಫುನಾಯಿ ಸಂಸ್ಥೆ 2016ರ ಜುಲೈಯಲ್ಲಿ ವಿಎಚ್ಎಸ್ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಹಳೆಯ ಟೇಪುಗಳನ್ನು ಓದುವ ಯಂತ್ರಗಳು ವಿರಳವಾಗುತ್ತಿರುವಾಗ, ಒಮ್ಮೆ ಇಳಿಸಿಕೊಂಡ ಕಡತವೇ ಮುಂದೆ ಮೂಲಪ್ರತಿಯ ಸ್ಥಾನವನ್ನು ಪಡೆಯುತ್ತದೆ. ಆದುದರಿಂದ ಕ್ಷೇತ್ರಕಾರ್ಯದ ಮುದ್ರಿಕೆಗಳನ್ನು ವಿಭಜಿಸುವ ವಿದ್ಯಾರ್ಥಿಗಳು ಇಳಿಸಿದ ಇಡೀ ಕಡತವನ್ನು ಒಡೆಯದೆ ಕಾದಿರಿಸಿ, ಅದರ ಪ್ರತಿಯನ್ನಷ್ಟೇ ಭಾಗ ಮಾಡುವುದು ಉಚಿತ. ಪ್ರತಿಯೊಂದು ಭಾಗದ ಹೆಸರಿನಲ್ಲಿ ಟೇಪಿನ ಸಂಖ್ಯೆಯನ್ನೂ ಅನುಕ್ರಮವನ್ನೂ ಸೂಚಿಸಿ, ಗಡಿಯನ್ನು ಇಟ್ಟವರು ಯಾರು, ಏಕೆ ಎಂಬುದನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಗ್ರಂಥಸಂಪಾದಕನು ಗರಿಗಳ ಸಂಖ್ಯೆಯನ್ನು ದಾಖಲಿಸುವ ಎಚ್ಚರವೇ ಇಲ್ಲಿಯೂ ಬೇಕಾಗಿದೆ. ಅದು ತಪ್ಪಿದಲ್ಲಿ, ಮುಂದಿನ ಸಂಶೋಧಕನ ಕೈಗೆ ಬಿಡಿ ಗರಿಗಳು ಸಿಕ್ಕಾವು, ಕೃತಿಯು ಸಿಕ್ಕಲಾರದು.