ಕಂಪೈಲರುಗಳ ಮಾನಕಜ್ಞಾನವನ್ನು ನಿಶ್ಚಯಿಸುವ ಕ್ರಮ: ಒಂದು ಐತಿಹಾಸಿಕ ವಿಚಾರ

ಮನುಷ್ಯನು ಬರೆದ ಪ್ರೋಗ್ರಾಮಿನ ಮೂಲಪಾಠವನ್ನು ಯಂತ್ರಭಾಷೆಗೆ ಪರಿವರ್ತಿಸುವ ಸಾಧನಕ್ಕೆ ಕಂಪೈಲರೆಂದು ಹೆಸರು. ಪಾಠವು ಅನುಸರಿಸಿರುವ ಭಾಷಾಮಾನಕವನ್ನು ಎದುರಿಗಿರುವ ಕಂಪೈಲರು ಬಲ್ಲುದೋ ಇಲ್ಲವೋ ಎಂಬುದನ್ನು ಮೊದಲೇ ನಿಶ್ಚಯಿಸುವುದು ನಿರ್ಮಾಣವ್ಯವಸ್ಥೆಗಳ ಕರ್ತವ್ಯವಾಗಿರುತ್ತದೆ. ಈ ನಿಶ್ಚಯಕ್ಕೆ ಶಬ್ದವು ಸಾಲುವುದೆ, ಅನುಮಾನವು ಸಾಲುವುದೆ, ಅಥವಾ ಪ್ರತ್ಯಕ್ಷವೇ ಬೇಕೆ ಎಂಬ ಪ್ರಶ್ನೆಯ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು.

ಡೆನಿಸ್ ರಿಚಿಯವರು ಬೆಲ್ ಪ್ರಯೋಗಶಾಲೆಯಲ್ಲಿ ನಿರ್ಮಿಸಿದ ಸಿ ಭಾಷೆಗೆ ಅಮೆರಿಕದ ರಾಷ್ಟ್ರೀಯ ಮಾನಕಸಂಸ್ಥೆಯು 1989ರಲ್ಲಿ ಲಕ್ಷಣವನ್ನು ವಿಧಿಸಿತು. ಅದನ್ನು ಅನುಸರಿಸುವ ಕಂಪೈಲರು ‘ಎಸ್‌ಟಿಡಿಸಿ’ ಎಂಬ ಸಂಜ್ಞೆಗೆ 1 ಎಂಬ ಬೆಲೆಯನ್ನು ಕೊಡತಕ್ಕದ್ದೆಂದು ಅಲ್ಲಿಯೇ ಹೇಳಿದೆ. ಇದು ಶಬ್ದಪ್ರಮಾಣ. ಆದರೆ ಸೋಲಾರಿಸ್ ವ್ಯವಸ್ಥೆಯ ಕಂಪೈಲರು ಕಟ್ಟುನಿಟ್ಟಾದ ಅನುಸರಣೆಯನ್ನು ಕೇಳಿದಾಗ ಮಾತ್ರ 1 ಎಂದೂ, ಉಳಿದಂತೆ 0 ಎಂದೂ ಹೇಳುತ್ತಿದ್ದಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮಾನಕದ ವರ್ಷವನ್ನೂ ತಿಂಗಳನ್ನೂ ಸೂಚಿಸಬೇಕಾದ ಸಂಜ್ಞೆಗೆ ಜಿಸಿಸಿ ಎಂಬ ಕಂಪೈಲರು 2012ರ 4.7ನೆಯ ಆವೃತ್ತಿ ಬರುವವರೆಗೂ ಬರಿಯ 1 ಎಂಬುದನ್ನೇ ಕೊಡುತ್ತಿದ್ದಿತು. ವಕ್ತೃವು ಆಪ್ತನಲ್ಲದಿದ್ದರೆ ಶಬ್ದವು ಪ್ರಮಾಣವಾಗದೆಂಬುದು ಇದರಿಂದ ಸ್ಪಷ್ಟ.

1991ರಲ್ಲಿ ಡೇವಿಡ್ ಮೆಕೆಂಜಿಯವರು ಗ್ನೂ ಉಪಕರಣಗಳಿಗಾಗಿ ಆರಂಭಿಸಿದ ಆಟೋಕಾನ್ಫ್ ಪ್ರತ್ಯಕ್ಷಪಕ್ಷವನ್ನು ಹಿಡಿಯಿತು. ಬೇಕಾದ ಲಕ್ಷಣವುಳ್ಳ ಚಿಕ್ಕ ಪಾಠವೊಂದನ್ನು ಕಂಪೈಲರಿನ ಮುಂದಿಡುವುದು. ಒಪ್ಪಿದರೆ ಸರಿ, ಒಪ್ಪದಿದ್ದರೆ ಆಯಾ ಕಂಪೈಲರಿಗೆ ತಕ್ಕ ಆಜ್ಞೆಗಳನ್ನು ಒಂದೊಂದಾಗಿ ಸೇರಿಸಿ ಮತ್ತೆ ಕೇಳುವುದು. 2020ರ 2.70ನೆಯ ಆವೃತ್ತಿಯಲ್ಲಿ ಸಿ ಭಾಷೆಯ 2011, 1999, 1989ರ ಮಾನಕಗಳನ್ನು ಇದೇ ಕ್ರಮದಲ್ಲಿ ಮೇಲಿನಿಂದ ಕೆಳಗೆ ಪರೀಕ್ಷಿಸುವ ಏರ್ಪಾಡಾಯಿತು.

ಸಿಮೇಕ್ ಎಂಬ ಮತ್ತೊಂದು ವ್ಯವಸ್ಥೆಯು 2014ರ 3.1ನೆಯ ಆವೃತ್ತಿಯಲ್ಲಿ ಅನುಮಾನವನ್ನು ಆಶ್ರಯಿಸಿತು. ಕಂಪೈಲರಿನ ಹೆಸರು ಮತ್ತು ಆವೃತ್ತಿಗಳೇ ಹೊಗೆ. ಅದು ಬಲ್ಲ ಲಕ್ಷಣಗಳೇ ಬೆಂಕಿ. ಇದರಿಂದ ಕಾಲವು ಉಳಿಯುವುದು ನಿಜ. ಆದರೆ ಹೆಸರಿರುವಲ್ಲೆಲ್ಲ ವಸ್ತುವಿರುವುದೆಂಬ ನಿಯಮವಿಲ್ಲ. 2013ರ ಜಿಸಿಸಿ 4.8ರಲ್ಲಿ ಅಕ್ಷರವಿನ್ಯಾಸಗಳನ್ನು ಹುಡುಕುವ ‘ರೆಜೆಕ್ಸ್’ ಭಾಗವು ಇದ್ದಿತು. ಅದನ್ನು ಬಳಸಿದ ಪಾಠವು ಕಂಪೈಲೂ ಆಗುತ್ತಿದ್ದಿತು. ಓಡಿಸಿದಾಗ ಮಾತ್ರ ಕೆಲಸ ಕೆಡುತ್ತಿದ್ದಿತು. 2014ರ 4.9ರಲ್ಲಿ ಅದು ಸರಿಯಾಯಿತು. ಆದಕಾರಣ ಓಡಿಸಿ ನೋಡಿದುದೇ ಪೂರ್ಣಪ್ರತ್ಯಕ್ಷವು. ಬೇರೊಂದು ಜಾತಿಯ ಯಂತ್ರಕ್ಕಾಗಿ ಕಂಪೈಲು ಮಾಡುವಾಗಲಾದರೋ ಅದು ಸಾಮಾನ್ಯವಾಗಿ ಅಲಭ್ಯ.

ಪ್ರತ್ಯಕ್ಷಪಕ್ಷಕ್ಕೂ ದೋಷವುಂಟು. ಹಳೆಯ ಪರೀಕ್ಷಾಪಾಠಗಳಲ್ಲಿ ಕಾರ್ಯಗಳನ್ನು ಘೋಷಿಸದೆ ಕರೆಯುವ ರೂಢಿಯಿದ್ದಿತು. 1999ರ ಮಾನಕವೇ ಅದನ್ನು ನಿಷೇಧಿಸಿದ್ದರೂ ಜಿಸಿಸಿ ಬಹುಕಾಲ ಸಹಿಸಿಕೊಂಡು, 2024ರ 14ನೆಯ ಆವೃತ್ತಿಯಿಂದ ದೋಷವೆಂದು ತಿರಸ್ಕರಿಸತೊಡಗಿತು. ಆಗ ಪಾಠವು ತನ್ನ ಅಪಶಬ್ದದಿಂದಲೇ ಸೋಲುವುದು. ವ್ಯವಸ್ಥೆಯು ಕಂಪೈಲರಿನಲ್ಲಿ ಲಕ್ಷಣವಿಲ್ಲವೆಂದು ಬರೆದುಕೊಳ್ಳುವುದು. ಪ್ರೋಗ್ರಾಮು ಆ ಸೌಕರ್ಯವನ್ನು ಕಳೆದುಕೊಂಡೇ ಸಿದ್ಧವಾಗುವುದು. ಯಾರಿಗೂ ಎಚ್ಚರಿಕೆ ದೊರೆಯದು. ತಾರ್ಕಿಕರು ಇಂತಹುದನ್ನೇ ಅನ್ಯಥಾಸಿದ್ಧವೆನ್ನುವರು.

ಇದರಿಂದ ಸಿದ್ಧವಾಗುವುದೇನೆಂದರೆ: ಒಂದು ಪಾಠದ ಸೋಲು ಮಾತ್ರದಿಂದ ಏನನ್ನೂ ನಿರ್ಣಯಿಸಲಾಗದು. ಲಕ್ಷಣವಿಲ್ಲದ ಶುದ್ಧಪಾಠವು ಗೆದ್ದು, ಅದೇ ಪಾಠವು ಲಕ್ಷಣವೊಂದು ಸೇರಿದಾಗ ಸೋತರೆ ಮಾತ್ರ ಅಭಾವವು ನಿಶ್ಚಿತ. ಅನ್ವಯವ್ಯತಿರೇಕಗಳೆರಡೂ ಕೂಡಿದಲ್ಲಿಯೇ ಪರೀಕ್ಷೆಯು ಪರೀಕ್ಷೆಯೆನಿಸುವುದು. ಕಂಪೈಲರಿನಂತೆಯೇ ಪರೀಕ್ಷಾಪಾಠವೂ ಕಾಲಕಾಲಕ್ಕೆ ಶೋಧನಕ್ಕೆ ಅರ್ಹವಾಗಿರುತ್ತದೆ.