ಹಳದೀಪುರದ ಅರುಣಾ

ಕಳಂಬೋಲಿಯ ನಾವು ದೊಡ್ಡ ಕಾಯಿಲೆಗೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯತ್ತ ನೋಡುವವರು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಅಲ್ಲಿಯೇ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿ, 25ರ ಹುಡುಗಿ ಹಾಸಿಗೆಗೆ ಬಿದ್ದವಳು ಏಳಲಿಲ್ಲ. ಅವನಿಗೆ ಆದದ್ದು 7 ವರ್ಷ ಸಜೆ.

ದಾದಿಯರ ತಲೆಮಾರುಗಳೇ ಬದಲಾದುವು. ಬಂದವರೆಲ್ಲ ಉಣಿಸಿದರು, ಮೈಯೊರೆಸಿದರು, ಮಗ್ಗುಲು ಬದಲಿಸಿದರು. ಬೆನ್ನಿಗೆ ಒಂದು ಹುಣ್ಣಾಗಲು ಬಿಡಲಿಲ್ಲ. ಉಣಿಸುವುದನ್ನು ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ಮಾರ್ಚ್ 7ರಂದು ನ್ಯಾಯಾಲಯ ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡತಕ್ಕವರು ಆರೈಕೆ ಮಾಡಿದವರೇ ಎಂದಿತು. ಆದರೆ ಇಂಥ ರೋಗಿಗಳಿಗೆ ಹೈಕೋರ್ಟಿನ ಅನುಮತಿಯಿಂದ ಜೀವಾಧಾರ ಚಿಕಿತ್ಸೆ ಹಿಂತೆಗೆಯಬಹುದೆಂದೂ ಹೇಳಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

2018ರಲ್ಲಿ ಸಂವಿಧಾನಪೀಠ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಿಂದ ಅದಕ್ಕೆ ಮ್ಯಾಜಿಸ್ಟ್ರೇಟರು ಬೇಕಿಲ್ಲ, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿ ಸಾಕು. (ಇಂಥ ಸಹಿಗಾಗಿ ಬಾಗಿಲು ಕಾದು ಬಲ್ಲ ಗುಮಾಸ್ತರು ನಾವು!) ನಮ್ಮ ಮಾತು ನಿಂತಾಗ ನಮ್ಮ ಪರವಾಗಿ ತೀರ್ಮಾನಿಸುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಮನೆಯಲ್ಲಿ ಈ ವಿಷಯ ತೆಗೆದರೆ ಹಿರಿಯರು "ಬಿಡ್ತು ಅನ್ನಿ" ಎನ್ನುತ್ತಾರೆ. ಆದರೂ, ನೆಂಟರೆಲ್ಲ ಊರಲ್ಲಿರುವ ನಾವು ಆ ಜಾಗದಲ್ಲಿ ಯಾರ ಹೆಸರು ಬರೆದೇವು?